ಎಮ್ಮೆ ಮೇಯಿಸುವವರು ಯಾರು?

ಸಾಂಗ್ಲಿ, ಮಿರಜ ಕಡೆಯ ಕನ್ನಡ ಕಿವಿಗೆ ಬಿದ್ದ ಕೂಡಲೇ ‘ಮರಾಠಿ ಶಬ್ದ ಸೇರಿ ಭಾಷೆ ಕೆಟ್ಟಿದೆ’ ಎನ್ನುವವರು ಬಹಳ. ನೆರೆಯಿಂದ ಬರುವುದು ಶಬ್ದ ಮಾತ್ರ, ವಾಕ್ಯದ ಕಟ್ಟು ಅಲುಗದು, ಅಲುಗಿದರೆ ಅದು ಮಾತಾಡುವವರ ಅಜ್ಞಾನ ಎಂಬ ನಂಬಿಕೆ ಇದರ ಬೆನ್ನಿಗಿದೆ.

ನಡೆದದ್ದು ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ಈ ಊರುಗಳ ಮಗ್ಗುಲಿನ ಕುಪವಾಡದ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಬರೆದ ಅಧ್ಯಯನ 1971ರಲ್ಲಿ ಅಚ್ಚಾಯಿತು. ಆಗ ಅಲ್ಲಿ ಜೈನರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು. ಊರೊಟ್ಟಿನ ವ್ಯವಹಾರಕ್ಕೆ ಮರಾಠಿ. ಮನೆಯೊಳಗೆ ತಂತಮ್ಮ ಶಬ್ದಗಳನ್ನು ಜನ ಬಿಟ್ಟುಕೊಡಲಿಲ್ಲ. ಹತ್ತಿರ ಬಂದದ್ದು ವಾಕ್ಯರಚನೆ. ‘ಇದು ನಿಮ್ಮ ಮನಿ’ ಎಂದರೆ ಕನ್ನಡಕ್ಕೆ ಸಾಕು. ಕುಪವಾಡದ ಕನ್ನಡ ಮಾತ್ರ ‘ಇದೆ’ ಎಂಬರ್ಥದ ಮರಾಠಿಯ ‘ಆಹೇ’ಗೆ ಜೋಡಿಯಾಗಿ ‘ಇದು ನಿಮ್ಮ ಮನಿ ಐತಿ’ ಎನ್ನುತ್ತಿತ್ತು. ಕನ್ನಡವೊಂದೇ ಬಾಗಿತು ಎಂದು ನೊಂದುಕೊಳ್ಳಬೇಕಿಲ್ಲ. ಮರಾಠಿಯಲ್ಲಿ ನದಿ ಸ್ತ್ರೀಲಿಂಗ. ಕುಪವಾಡದ ಮರಾಠಿ, ಉರ್ದು ಎರಡೂ ನದಿಯಂಥ ಅಚೇತನಗಳ ಲಿಂಗಭೇದವನ್ನು ಕೈಬಿಟ್ಟು ಕನ್ನಡದ ದಾರಿ ಹಿಡಿದವು.

ವಾಕ್ಯದ ಕಟ್ಟಿನ ಬಗ್ಗೆಯೇ ಇನ್ನೊಂದು ತಪ್ಪು ಕಲ್ಪನೆ: ಕರ್ತೃ ಕಾಣದಿದ್ದರೆ ಕೇಳುವವರು ಊಹಿಸಿಕೊಳ್ಳಬೇಕು. ‘ಅಂವ ಎಮ್ಮಿ ಮೇಸಾಕ ಹೋದ’ ಎಂದರೆ ಮೇಯಿಸುವವನು ಹೋದವನೇ. ‘ಮಗನಿಗೆ ಎಮ್ಮಿ ಮೇಸಾಕ ಹೇಳಿದ’ ಎಂದರೆ ಮೇಯಿಸುವವನು ಮಗ. ಅಡಗಿರುವ ಕರ್ತೃ ಯಾರೆಂದು ಮುಖ್ಯ ಕ್ರಿಯಾಪದ ಗೊತ್ತುಮಾಡುತ್ತದೆ. ಭಾಷಾಶಾಸ್ತ್ರಜ್ಞರು ಇದನ್ನು ನಿಯಂತ್ರಣ ಎನ್ನುತ್ತಾರೆ. ಇಲ್ಲಿಯೂ ಕುಪವಾಡದ ಭಾಷೆಗಳು ಒಂದಾಗಿದ್ದವು: ಮೇಸಾಕ ಎಂಬಲ್ಲಿ ಚತುರ್ಥಿಯ ‘ಕ’, ಮರಾಠಿಯ ಚಾರಾಯಲಾದಲ್ಲಿ ‘ಲಾ’, ಶಿಷ್ಟ ಉರ್ದುವಿಗೆ ಈ ಸಂದರ್ಭದಲ್ಲಿ ಬೇಡದ ‘ಕೊ’ವನ್ನು ಊರಿನ ಉರ್ದು ಸೇರಿಸಿಕೊಳ್ಳುತ್ತಿತ್ತು.

ವಿದ್ವಾಂಸರಲ್ಲೂ ಒಂದು ನಂಬಿಕೆ ಬೇರೂರಿತ್ತು: ಮೇಸಾಕ, ಮೇಯಿಸಲು ಎಂಬಂತೆ ಪುರುಷಪ್ರತ್ಯಯವಿಲ್ಲದ ರೂಪದಲ್ಲಿ ಮಾತ್ರ ನಿಯಂತ್ರಣ ಸಾಧ್ಯ. ಅದನ್ನು ಅಲುಗಾಡಿಸಿದ್ದು ಗ್ರೀಕ್ ಮತ್ತು ರೊಮೇನಿಯನ್. ಆಧುನಿಕ ಗ್ರೀಕ್ ಅಂಥ ರೂಪವನ್ನೇ ಕಳೆದುಕೊಂಡಿದೆ. ರೊಮೇನಿಯನ್‌ನಲ್ಲಿ ಅದರ ಬಳಕೆ ಕುಗ್ಗಿದೆ. ‘ನನಗೆ ಈಜಲು ಬರುತ್ತದೆ’ ಎನ್ನಲು ಗ್ರೀಕರು ‘ಬಲ್ಲೆ’ ಎಂಬುದರ ಮುಂದೆ ‘ನಾ’ ಎಂಬ ಅವ್ಯಯವಿಟ್ಟು ‘ಈಜುತ್ತೇನೆ’ ಎಂಬ ಪೂರ್ಣ ಕ್ರಿಯಾಪದವನ್ನೇ ಹೇಳುತ್ತಾರೆ. ಆದರೂ ಈಜುವವರು ಬಲ್ಲವರೇ ಆಗಿರಬೇಕು, ಬೇರೆಯವರಾಗುವಂತಿಲ್ಲ. ಮುಖ್ಯ ಕ್ರಿಯಾಪದ ‘ಬಯಸು’ ಆದರೆ ಆ ನಿರ್ಬಂಧವಿಲ್ಲ. ರೊಮೇನಿಯನ್ನರ ‘ಸ’ ಕೂಡ ಇದೇ ಕೆಲಸ ಮಾಡುತ್ತದೆ. ಬಲ್ಗೇರಿಯನ್, ಅಲ್ಬೇನಿಯನ್ ಭಾಷೆಗಳೂ ಈ ಬಳಗದವೇ. ಶತಮಾನಗಳ ನೆರೆಹೊರೆಯಲ್ಲಿ ಬಾಲ್ಕನ್ ಭಾಷೆಗಳು ಹೀಗೆ ಒಂದರ ಕಟ್ಟನ್ನೊಂದು ಹೋಲತೊಡಗಿದವು. ಅದನ್ನು ಯಾರೂ ಗ್ರೀಕರ ಅಜ್ಞಾನ ಎನ್ನುವುದಿಲ್ಲ.

ಹಾಗೆಂದು ಕುಪವಾಡದ ಭಾಷೆಗಳಿಗೆ ವ್ಯಾಕರಣ ಪೂರ್ತಿ ಒಂದೇ, ಪದಕ್ಕೆ ಪದ ಇಟ್ಟರೆ ಅನುವಾದವಾಯಿತು ಎಂಬುದೂ ಅತಿಯೇ. ಗಂಪರ್ಜ್ ಮತ್ತು ವಿಲ್ಸನ್‌ರ ಆ ವಾದವನ್ನೇ ನಾಲ್ಕು ದಶಕಗಳ ಬಳಿಕ ಭಾಷಾಶಾಸ್ತ್ರಜ್ಞೆ ಸೋನಲ್ ಕುಲಕರ್ಣಿ-ಜೋಶಿ ಮರುಪರೀಕ್ಷೆಗೆ ಒಡ್ಡಿದರು. ಈ ನಡುವೆ ಊರೂ ಬದಲಾಗಿದೆ: 1998ರಲ್ಲಿ ಸಾಂಗ್ಲಿ, ಮಿರಜ, ಕುಪವಾಡ ಸೇರಿ ಮಹಾನಗರಪಾಲಿಕೆಯಾಯಿತು. ಇಂದು ಅಲ್ಲಿ ಕೈಗಾರಿಕಾ ಪ್ರದೇಶವಿದೆ. 1971ರ ಹಳ್ಳಿಯ ಮಾತನ್ನು ಈಗಿನ ಊರಿನದೆಂದು ಉದಾಹರಿಸುವ ಮೊದಲು ಅಲ್ಲಿಗೆ ಹೋಗಿ ಕೇಳಬೇಕು.