ಭೇದಿ ಶುರುವಾದ್ರೆ ನೀರು ನಿಲ್ಲಿಸಬೇಡಿ

2024ರ ಏಪ್ರಿಲ್. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಅದೇ ಹೊತ್ತಿಗೆ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲ್‌ನ 47 ವಿದ್ಯಾರ್ಥಿನಿಯರು ವಾಂತಿ-ಭೇದಿಯಿಂದ ವಿಕ್ಟೋರಿಯಾ ಆಸ್ಪತ್ರೆ ಸೇರಿದರು. ಕಾಲರಾ ಅನ್ನೋ ಹೆಸರು ಮತ್ತೆ ಸುದ್ದಿಗೆ ಬಂತು. ನಾಳೆ ಡಾಕ್ಟರಾಗುವವರ ಹಾಸ್ಟೆಲ್‌ಗೇ ಈ ಗತಿಯಾದ್ರೆ, ಹೊಸಕೆರೆಹಳ್ಳಿಯ ಬಾಡಿಗೆ ಮನೆಗಳ ಕಥೆ ಏನು?

ಕಾಲರಾ ಬರೋದು ಗಾಳಿಯಿಂದಲ್ಲ. ರೋಗಿಯ ಮಲದಲ್ಲಿರುವ ರೋಗಾಣು ನೀರು, ಆಹಾರದ ಮೂಲಕ ಇನ್ನೊಬ್ಬರ ಬಾಯಿಗೆ ಸೇರಬೇಕು. ಸೇರೋದು ಹೇಗೆ? ನಾನು ಓದಿದ್ದು ಎಂಜಿನಿಯರಿಂಗ್, ಪೈಪಿನಿಂದಲೇ ಶುರು ಮಾಡ್ತೀನಿ. ಹಳೇ ಬೀದಿಗಳಲ್ಲಿ ಕುಡಿಯುವ ನೀರಿನ ಪೈಪು, ಒಳಚರಂಡಿ ಪೈಪು ಎಷ್ಟೋ ಕಡೆ ಅಕ್ಕಪಕ್ಕದಲ್ಲೇ ಇರ್ತವೆ. ನೀರು ಬಿಟ್ಟಾಗ ಒತ್ತಡಕ್ಕೆ ಬಿರುಕಿನಿಂದ ನೀರು ಹೊರಗೆ ಸೋರುತ್ತೆ. ನೀರು ನಿಂತಾಗ ಒತ್ತಡ ಕುಸಿದು, ಅದೇ ಬಿರುಕಿನಿಂದ ಕೊಳಕು ಒಳಗೆ ಬರುತ್ತೆ. ಮತ್ತೆ ನೀರು ಬಿಟ್ಟಾಗ ಅದು ಸೀದಾ ನಿಮ್ಮ ಸಂಪಿಗೆ! ಇನ್ನು ಟ್ಯಾಂಕರ್ ನೀರು ಎಲ್ಲಿಂದ ಬಂತು ಅಂತ ಕೇಳುವವರು ಎಷ್ಟು ಜನ?

ರೋಗಾಣು ಬಿಡುವ ವಿಷ ಕರುಳಿನಿಂದ ನೀರು, ಉಪ್ಪು ಎರಡನ್ನೂ ಹೊರಗೆ ಸುರಿಸುತ್ತೆ. ಅಕ್ಕಚ್ಚಿನ ಥರ ತಿಳಿ ಭೇದಿ. ತೀವ್ರವಾದ್ರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಇಂಥ ಹೊತ್ತಲ್ಲೇ "ನೀರು ಕುಡಿದ್ರೆ ಭೇದಿ ಜಾಸ್ತಿಯಾಗುತ್ತೆ" ಅಂತ ಮನೆಯವರು ಲೋಟ ಕಿತ್ತಿಡ್ತಾರೆ. ಕೊಲ್ಲೋದು ಅದೇ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಸಾಲದೇ ಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆ ಬೆರೆಸಿದ ನೀರು ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಗುಟ್ಟು ಇಷ್ಟೇ: ಸಕ್ಕರೆಯಂಶ ಉಪ್ಪನ್ನು ಕರುಳಿನಿಂದ ದೇಹದೊಳಕ್ಕೆ ಎಳೆದುಕೊಳ್ಳುತ್ತೆ, ಉಪ್ಪಿನ ಹಿಂದೆ ನೀರು ಹೋಗುತ್ತೆ. ಕಾಲರಾ ಬಂದಾಗಲೂ ಈ ಬಾಗಿಲು ಮುಚ್ಚಲ್ಲ.

ಹಾಗಾಗಿ ಮನೆಯಲ್ಲಿ ಓಆರ್‌ಎಸ್ ಇಟ್ಟಿರಿ. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರು ಹಾಕಿ. ಇಲ್ಲದಿದ್ರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿ ಭೇದಿಯ ನಂತರ ಗುಟುಕು ಗುಟುಕಾಗಿ ಕುಡಿಸಿ. ಮಗುವಿಗೆ ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ದಾರಿಯಲ್ಲೂ ಕುಡಿಸ್ತಾ ಇರಿ. ಆ್ಯಂಟಿಬಯೋಟಿಕ್ ಬೇಕೋ ಬೇಡವೋ ಅನ್ನೋದು ವೈದ್ಯರಿಗೆ ಬಿಡಿ.

ಬರದಂತೆ ತಡೆಯೋಕೆ ಕುಡಿಯುವ ನೀರು ಚೆನ್ನಾಗಿ ಕುದಿಯಲಿ. ಅಡುಗೆಮನೆಯಲ್ಲಿ ಆರ್‌ಓ ಇಟ್ಟು, ಸಂಪಿನ ನೀರಲ್ಲಿ ಬಾಯಿ ಮುಕ್ಕಳಿಸಿ, ಕೊತ್ತಂಬರಿ ತೊಳೆದರೆ ಏನು ಪ್ರಯೋಜನ? ಶೌಚದ ನಂತರ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೀರಿ. ನಲ್ಲಿ ನೀರು ವಾಸನೆ ಬಂದರೆ ಪಕ್ಕದ ಮನೆಯವರು ಹೇಳಲಿ ಅಂತ ಕಾಯಬೇಡಿ. ಜಲಮಂಡಳಿಯ ಸಹಾಯವಾಣಿ 1916ಕ್ಕೆ ನೀವೇ ಫೋನ್ ಮಾಡಿ. ಆ ಪೈಪು ನಿಮ್ಮ ಮನೆಗಷ್ಟೇ ಅಲ್ಲ, ಇಡೀ ಬೀದಿಗೆ ಹೋಗುತ್ತೆ.