ಲೆಕ್ಕದ ಯಂತ್ರವೂ ಲಾಭದ ಲೆಕ್ಕವೂ

ವ್ಯಾಪಾರಸಂಸ್ಥೆಯೊಂದು ಹೊಸ ಒಲೆಯನ್ನು ಕೊಂಡರೆ ಅದರ ಪ್ರಯೋಜನವನ್ನು ಬೆಂದ ರೊಟ್ಟಿಗಳ ಎಣಿಕೆಯಿಂದಲೂ, ಹೊಸ ಲಾರಿಯನ್ನು ಕೊಂಡರೆ ಸಾಗಿದ ಸರಕಿನ ತೂಕದಿಂದಲೂ ಅರಿಯಬಹುದು. ಆದರೆ ಸುದ್ದಿಯನ್ನೂ ಅಂಕಿಗಳನ್ನೂ ಸಂಗ್ರಹಿಸಿ, ಸಂಸ್ಕರಿಸಿ, ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ಮುಟ್ಟಿಸುವ ಮಾಹಿತಿ ವ್ಯವಸ್ಥೆಗೆ ಹಣ ತೊಡಗಿಸಿದವರು ಏನನ್ನು ಎಣಿಸಬೇಕು, ಏನನ್ನು ತೂಗಬೇಕು? ಈ ಪ್ರಶ್ನೆಯನ್ನು ವಿಚಾರ ಮಾಡಹೊರಟವರಿಗೆ ಲಂಡನ್ನಿನ ಒಂದು ಚಹಾದಂಗಡಿ ಸಂಸ್ಥೆಯ ವೃತ್ತಾಂತಕ್ಕಿಂತ ಒಳ್ಳೆಯ ಆರಂಭ ದೊರೆಯದು; ಏಕೆಂದರೆ ವ್ಯಾಪಾರದ ನಿತ್ಯದ ಲೆಕ್ಕಪತ್ರಗಳಿಗೆ ವಿದ್ಯುದ್ಗಣಕವನ್ನು ಜಗತ್ತಿನಲ್ಲಿ ಮೊತ್ತಮೊದಲು ಹೂಡಿದ ಕೀರ್ತಿಯು ಯಂತ್ರ ತಯಾರಕರಿಗಾಗಲಿ ಬ್ಯಾಂಕುಗಳಿಗಾಗಲಿ ಸಲ್ಲದೆ, ಬ್ರೆಡ್ಡು, ಕೇಕು, ಚಹಾ ಮಾರುತ್ತಿದ್ದ ಜೆ. ಲಯನ್ಸ್ ಕಂಪನಿಗೆ ಸಲ್ಲುತ್ತದೆ.

ಬಿಡಿಗಾಸಿನ ವ್ಯಾಪಾರ

1894ರಲ್ಲಿ ಪಿಕಡಿಲಿ ಬೀದಿಯಲ್ಲಿ ಮೊದಲ ಚಹಾದಂಗಡಿಯನ್ನು ತೆರೆದ ಈ ಕಂಪನಿಯು ಮುಂದಿನ ಅರ್ಧ ಶತಮಾನದಲ್ಲಿ ಬಹುವಾಗಿ ಬೆಳೆಯಿತು. ಆದರೆ ಅದರ ವ್ಯಾಪಾರದ ಸ್ವಭಾವ ಮಾತ್ರ ಬದಲಾಗಲಿಲ್ಲ. ಒಂದು ಬಟ್ಟಲು ಚಹಾ, ಒಂದು ಬನ್ನು—ಇಂಥ ಅಸಂಖ್ಯ ಮಾರಾಟಗಳಲ್ಲಿ ಒಂದೊಂದರಿಂದಲೂ ದಕ್ಕುವುದು ಬಿಡಿಗಾಸಿನ ಲಾಭ. ಆ ಬಿಡಿಗಾಸನ್ನು ಲೆಕ್ಕವಿಡಲು ಆಗುವ ವೆಚ್ಚವು ಲಾಭವನ್ನೇ ನುಂಗಿಬಿಡುವ ಭಯ ಸದಾ ಇದ್ದೇ ಇತ್ತು. ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ರ‍್ಯಾಂಗ್ಲರ್ ಆಗಿ 1923ರಲ್ಲಿ ಕಂಪನಿಯನ್ನು ಸೇರಿದ ಜಾನ್ ಸಿಮನ್ಸ್ ಎಂಬಾತನು ಕಚೇರಿಯ ಕೆಲಸವೂ ಕಾರ್ಖಾನೆಯ ಕೆಲಸದಷ್ಟೇ ಶಾಸ್ತ್ರೀಯ ಪರೀಕ್ಷೆಗೆ ಅರ್ಹವೆಂದು ಬಗೆದು, ಯಾವ ಕಾಗದ ಯಾರಿಗಾಗಿ ಬರೆಯಲ್ಪಡುತ್ತದೆ, ಅದನ್ನು ಓದಿದವರು ಏನು ಮಾಡುತ್ತಾರೆ ಎಂಬುದನ್ನು ಶೋಧಿಸುವ ಪದ್ಧತಿಯನ್ನು ವರ್ಷಗಟ್ಟಲೆ ಬೆಳೆಸಿದನು. ಗಣಕ ಬರುವುದಕ್ಕೆ ಎಷ್ಟೋ ಮೊದಲೇ ಗಣಕಕ್ಕೆ ತಕ್ಕ ಪ್ರಶ್ನೆಗಳು ಆ ಕಚೇರಿಯಲ್ಲಿ ಸಿದ್ಧವಾಗಿದ್ದುವೆನ್ನಬಹುದು.

1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು, ರೇಮಂಡ್ ಥಾಮ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್, ಕಚೇರಿ ಪದ್ಧತಿಗಳನ್ನು ಕಂಡುಬರಲು ಅಮೆರಿಕಕ್ಕೆ ಹೋದಾಗ, ಪ್ರಿನ್ಸ್‌ಟನ್‌ನಲ್ಲಿದ್ದ ಹರ್ಮನ್ ಗೋಲ್ಡ್‌ಸ್ಟೈನ್ ಎಂಬ ವಿದ್ವಾಂಸನು ಅವರ ಮಾತನ್ನು ಆಸಕ್ತಿಯಿಂದ ಕೇಳಿ, ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಒಂದು ಗಣಕವನ್ನು ಕಟ್ಟುತ್ತಿರುವ ಸಂಗತಿಯನ್ನು ತಿಳಿಸಿದನು. ತಮ್ಮ ಮನೆಬಾಗಿಲಿನಲ್ಲಿದ್ದುದನ್ನು ಕಡಲಾಚೆಯಲ್ಲಿ ಕೇಳಿ ತಿಳಿದು ಮರಳಿದ ಅವರ ಸಲಹೆಯಂತೆ ಕಂಪನಿಯು ಆ ಕೆಲಸಕ್ಕೆ 3,000 ಪೌಂಡುಗಳನ್ನೂ ಒಬ್ಬ ಸಹಾಯಕನನ್ನೂ ಒದಗಿಸಿ, ಕೇಂಬ್ರಿಜ್ ಯಂತ್ರವು 1949ರ ಮೇ ತಿಂಗಳಲ್ಲಿ ಯಶಸ್ವಿಯಾಗಿ ನಡೆದ ಮೇಲೆ, ಜಾನ್ ಪಿಂಕರ್ಟನ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಅದೇ ಮಾದರಿಯ ತನ್ನದೇ ಗಣಕವನ್ನು ಕಟ್ಟಿಸಿತು. ಸುಮಾರು 6,000 ವಾಲ್ವುಗಳೂ ನೆನಪಿಗಾಗಿ ಪಾದರಸ ತುಂಬಿದ ಕೊಳವೆಗಳೂ ಇದ್ದ ಆ ‘ಲಿಯೋ’ ಯಂತ್ರವು 1951ರ ನವೆಂಬರಿನಲ್ಲಿ ಬೇಕರಿಯ ಉತ್ಪನ್ನಗಳ ಬೆಲೆಕಟ್ಟುವ ಕಾರ್ಯವನ್ನು ಕೈಗೊಂಡಿತು.

ಎರಡು ಬಗೆಯ ಫಲ

ಲಿಯೋ ಮಾಡಿದ ಕೆಲಸಗಳಲ್ಲಿ ಎರಡನ್ನು ಹೋಲಿಸಿ ನೋಡಿದರೆ ನಮ್ಮ ವಿಷಯದ ಮರ್ಮ ತಿಳಿಯುತ್ತದೆ. ಮೊದಲನೆಯದು ನೌಕರರ ಸಂಬಳದ ಬಟವಾಡೆ. ಒಬ್ಬ ನೌಕರನ ಸಂಬಳವನ್ನು ಲೆಕ್ಕಹಾಕಲು ನುರಿತ ಗುಮಾಸ್ತನಿಗೆ 8 ನಿಮಿಷ ಹಿಡಿಯುತ್ತಿದ್ದರೆ ಯಂತ್ರಕ್ಕೆ ಒಂದೂವರೆ ಸೆಕೆಂಡು ಸಾಕಾಗುತ್ತಿತ್ತು. ಇಲ್ಲಿನ ಲಾಭವು ಎಣಿಕೆಗೆ ಸುಲಭವಾಗಿ ಸಿಕ್ಕುವಂಥದು: ಉಳಿದ ಗಂಟೆಗಳು, ತಗ್ಗಿದ ಕೂಲಿ. ಆದರೆ ಈ ಸುಲಭದ ಲೆಕ್ಕದಲ್ಲಿಯೂ ಒಂದು ತೊಡಕು ಅಡಗಿದೆ. ವಾರದ ಸಂಬಳವು ಯಂತ್ರ ಕೆಟ್ಟಿತೆಂದು ನಿಲ್ಲತಕ್ಕುದಲ್ಲವಾದುದರಿಂದ, ಗುಮಾಸ್ತರ ಕೈಬರಹದ ಲೆಕ್ಕವನ್ನು ಕೆಲಕಾಲ ಜೊತೆಯಲ್ಲಿಯೇ ನಡೆಸಬೇಕಾಯಿತು, ಅಲ್ಲದೆ ಆಪತ್ತಿಗೆ ಒದಗುವಂತೆ ಎರಡನೆಯ ಯಂತ್ರವನ್ನೂ ಬಯಸಬೇಕಾಯಿತು. ವೇಗವನ್ನು ಮಾತ್ರ ಕಂಡು ಉಳಿತಾಯವನ್ನು ಗುಣಿಸುವವರು ಇಂಥ ವೆಚ್ಚಗಳನ್ನು ಮರೆಯುವುದು ಇಂದಿಗೂ ತಪ್ಪಿಲ್ಲ.

ಎರಡನೆಯ ಕೆಲಸ ಚಹಾದಂಗಡಿಗಳಿಗೆ ಮರುದಿನ ಕಳುಹಿಸಬೇಕಾದ ತಿನಿಸುಗಳ ಬೇಡಿಕೆಯದು. 1954ರಲ್ಲಿ ಆರಂಭವಾದ ಇದರ ಯೋಜನೆಯು ಡೇವಿಡ್ ಕ್ಯಾಮಿನರ್ ಎಂಬಾತನ ತಂಡಕ್ಕೆ ಸೇರಿದುದು. ಪ್ರತಿಯೊಂದು ಅಂಗಡಿಯ ಮೇಲ್ವಿಚಾರಕಿಯು ದಿನದಿನವೂ ಉದ್ದನೆಯ ಪಟ್ಟಿಯನ್ನು ಬರೆಯುವ ಬದಲು, ವಾರದ ಪ್ರತಿದಿನಕ್ಕೂ ಒಂದು ವಾಡಿಕೆಯ ಬೇಡಿಕೆಯನ್ನು ಯಂತ್ರಕ್ಕೆ ಕೊಟ್ಟಿಟ್ಟು, ಗೊತ್ತಾದ ಸಮಯಕ್ಕೆ ಟೆಲಿಫೋನು ಬಂದಾಗ ಹೆಚ್ಚುಕಡಿಮೆಗಳನ್ನಷ್ಟೆ ಹೇಳಿದರೆ ಸಾಕು. ಕೇಳಿಸಿಕೊಂಡ ಹುಡುಗಿಯು ಆಗಿಂದಾಗಲೇ ಕಾರ್ಡುಗಳಲ್ಲಿ ತೂತು ಒತ್ತುವಳು, ಯಂತ್ರವು ಎಲ್ಲ ಅಂಗಡಿಗಳ ಬೇಡಿಕೆಯನ್ನೂ ಕೂಡಿಸಿ ಬೇಕರಿಗೂ ಸಾಗಾಣಿಕೆಯವರಿಗೂ ಪಟ್ಟಿಗಳನ್ನು ಮುದ್ರಿಸಿಕೊಡುವುದು. ಇಲ್ಲಿ ಗುಮಾಸ್ತರ ಕೂಲಿ ಉಳಿದುದು ಅಲ್ಪಭಾಗ. ಮೇಲ್ವಿಚಾರಕಿಯ ಗಮನವು ಕಾಗದದಿಂದ ಗಿರಾಕಿಗಳ ಕಡೆಗೆ ತಿರುಗುವುದು, ಮಾರದೆ ಹಳಸಿಹೋಗುವ ತಿನಿಸು ಕಡಿಮೆಯಾಗುವುದು, ಯಾವ ತಿನಿಸಿಗೆ ಯಾವ ಬಡಾವಣೆಯಲ್ಲಿ ಆದರವಿದೆಯೆಂಬುದು ಆಡಳಿತವರ್ಗಕ್ಕೆ ಒಡನೆಯೇ ಗೋಚರವಾಗುವುದು—ಇವು ಉಳಿದ ಹಿರಿಯ ಭಾಗ. ಬಟವಾಡೆಯಲ್ಲಿ ಹಳೆಯ ಕೆಲಸವು ಬೇಗನೆ ಮುಗಿಯಿತು; ಬೇಡಿಕೆಯಲ್ಲಿ ಕೆಲಸದ ರೀತಿಯೇ ಬೇರೆಯಾಯಿತು. ಮಾಹಿತಿ ವ್ಯವಸ್ಥೆಯ ಮೌಲ್ಯವು ಯಂತ್ರದಲ್ಲಿ ಇರುವುದಲ್ಲ, ಅದರ ದೆಸೆಯಿಂದ ಬದಲಾದ ನಡವಳಿಕೆಯಲ್ಲಿ ಹುಟ್ಟುವುದು ಎಂಬ ತತ್ತ್ವವು ಈ ಎರಡು ನಿದರ್ಶನಗಳ ಅಂತರದಿಂದ ಸಿದ್ಧವಾಗುತ್ತದೆ.

ಕಾಣದ ಲಾಭದ ಸಮಸ್ಯೆ

ಬದಲಾದ ನಡವಳಿಕೆಯನ್ನು ಅಳೆಯುವುದಾದರೂ ಹೇಗೆ? ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ, ಗಣಕಗಳು ಎಲ್ಲೆಡೆಯಲ್ಲಿಯೂ ಕಣ್ಣಿಗೆ ಬೀಳುತ್ತಿವೆಯಾದರೂ ದೇಶದ ಉತ್ಪಾದಕತೆಯ ಅಂಕಿ ಅಂಶಗಳಲ್ಲಿ ಮಾತ್ರ ಅವುಗಳ ಸುಳಿವಿಲ್ಲವೆಂಬರ್ಥದ ಚುಚ್ಚುಮಾತನ್ನಾಡಿದನು. ಇದಕ್ಕೆ ಸಮಾಧಾನವನ್ನು 1990ರಲ್ಲಿ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ ವಿದ್ಯುಚ್ಛಕ್ತಿಯ ಚರಿತ್ರೆಯಿಂದ ಎತ್ತಿ ತೋರಿಸಿದನು. ಎಡಿಸನ್ನನ ವಿದ್ಯುತ್ ಕೇಂದ್ರವು ನ್ಯೂಯಾರ್ಕಿನಲ್ಲಿ 1882ರಲ್ಲಿಯೇ ಕೆಲಸ ಆರಂಭಿಸಿತಾದರೂ, ಅಮೆರಿಕದ ಕಾರ್ಖಾನೆಗಳಲ್ಲಿ ಅದರ ಪೂರ್ಣಫಲ ಕಂಡುದು 1920ರ ದಶಕದಲ್ಲಿ. ಉಗಿಯಂತ್ರವನ್ನು ಕಿತ್ತು ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರನ್ನು ನಿಲ್ಲಿಸಿ ಹಳೆಯ ಪಟ್ಟಿ, ರಾಟೆಗಳನ್ನೇ ತಿರುಗಿಸುತ್ತಿದ್ದಷ್ಟು ಕಾಲ ದೊರೆತ ಲಾಭ ಸ್ವಲ್ಪವೇ ಆಗಿದ್ದು, ಒಂದೊಂದು ಯಂತ್ರಕ್ಕೂ ಒಂದೊಂದು ಸಣ್ಣ ಮೋಟಾರನ್ನಿಟ್ಟು, ಕಟ್ಟಡವನ್ನೂ ಕೆಲಸದ ಕ್ರಮವನ್ನೂ ಹೊಸದಾಗಿ ಹೊಂದಿಸಿದ ಬಳಿಕವೇ ಅದು ಮಿಗಿಲಾಯಿತು. ಎರಿಕ್ ಬ್ರಿನ್ಯಾಲ್ಫ್‌ಸನ್ ಮೊದಲಾದವರು ಆಮೇಲೆ ಕಂಪನಿಗಳ ಲೆಕ್ಕಗಳನ್ನು ಪರಿಶೀಲಿಸಿ, ಗಣಕಕ್ಕೆ ಕೊಟ್ಟ ಹಣದ ಜೊತೆಗೆ ಶಿಕ್ಷಣ, ಹೊಸ ಕಾರ್ಯವಿಧಾನ, ಅಧಿಕಾರದ ಮರುಹಂಚಿಕೆ—ಈ ಅಗೋಚರ ಬಂಡವಾಳವನ್ನೂ ಹೂಡಿದ ಸಂಸ್ಥೆಗಳಲ್ಲಿಯೇ ಪ್ರತಿಫಲ ಅಧಿಕವೆಂದು ಕಂಡರು.

ತೂಗುವ ಬಗೆ

ವಿಲಿಯಂ ಡಿಲೋನ್ ಮತ್ತು ಎಫ್ರಾಯಿಮ್ ಮೆಕ್ಲೀನ್ ಎಂಬ ವಿದ್ವಾಂಸರು 1992ರಲ್ಲಿ ಈ ತೂಕಕ್ಕೆ ಆರು ಮೆಟ್ಟಿಲುಗಳನ್ನು ಗುರುತಿಸಿದರು: ವ್ಯವಸ್ಥೆಯ ಗುಣ, ಅದು ಕೊಡುವ ಮಾಹಿತಿಯ ಗುಣ, ಅದರ ಬಳಕೆ, ಬಳಸುವವರ ತೃಪ್ತಿ, ವ್ಯಕ್ತಿಯ ಕೆಲಸದ ಮೇಲಣ ಪರಿಣಾಮ, ಕಡೆಗೆ ಸಂಸ್ಥೆಯ ಮೇಲಣ ಪರಿಣಾಮ. ಯಂತ್ರವು ಉತ್ತಮವಾಗಿದ್ದು ಯಾರೂ ಬಳಸದಿದ್ದರೆ ಸರಪಳಿ ಮೂರನೆಯ ಕೊಂಡಿಯಲ್ಲಿ ತುಂಡಾಗುತ್ತದೆ. ಎಲ್ಲರೂ ಬಳಸಿಯೂ ಯಾರ ನಿರ್ಧಾರವೂ ಮಾರ್ಪಡದಿದ್ದರೆ ಐದನೆಯದರಲ್ಲಿ. ಲಾಭ ಬಾರದಿದ್ದಾಗ ಯಂತ್ರವನ್ನೇ ದೂಷಿಸುವ ಬದಲು ಕೊಂಡಿ ಎಲ್ಲಿ ಕಳಚಿತೆಂದು ಹುಡುಕಲು ಈ ವಿಂಗಡಣೆ ನೆರವಾಗುತ್ತದೆ.

ವ್ಯವಹಾರದಲ್ಲಿ ಇದರಿಂದ ಕೆಲವು ನಿಯಮಗಳು ಫಲಿಸುತ್ತವೆ. ಹೊಸ ವ್ಯವಸ್ಥೆ ಬರುವ ಮೊದಲೇ ಇಂದಿನ ಸ್ಥಿತಿಯನ್ನು—ಒಂದು ಬೇಡಿಕೆ ಪೂರೈಸಲು ಎಷ್ಟು ದಿನ, ದಾಸ್ತಾನು ಎಷ್ಟು, ತಪ್ಪುಗಳು ಎಷ್ಟು ಎಂಬುದನ್ನು—ಬರೆದಿಡಬೇಕು. ಇಲ್ಲದಿದ್ದರೆ ಮುಂದೆ ಹೋಲಿಕೆಗೆ ಆಧಾರವೇ ಇರದು. ಯಾವ ಕೆಲಸವನ್ನು ಯಾರು ಬೇರೆ ರೀತಿಯಲ್ಲಿ ಮಾಡುವರೆಂಬುದನ್ನು ಮುಂಚಿತವಾಗಿಯೇ ನಿಶ್ಚಯಿಸಿ, ಆ ಫಲಕ್ಕೆ ಯಂತ್ರಜ್ಞನನ್ನಲ್ಲ, ಆ ಕೆಲಸದ ಯಜಮಾನನನ್ನು ಹೊಣೆ ಮಾಡಬೇಕು. ಖರೀದಿಯ ಬೆಲೆಗೆ ಶಿಕ್ಷಣ, ದುರಸ್ತಿ, ಹಳೆಯ ದಾಖಲೆಗಳನ್ನು ಹೊಸದಕ್ಕೆ ತುಂಬುವ ಶ್ರಮ ಎಲ್ಲವನ್ನೂ ಕೂಡಿಸಬೇಕು. ಕೆಲಸ ಆರಂಭವಾಗಿ ಕೆಲಕಾಲ ಕಳೆದ ಮೇಲೆ ಮತ್ತೊಮ್ಮೆ ಅಳೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಉಪೇಕ್ಷೆಗೆ ಗುರಿಯಾಗುವುದು ಈ ಕಡೆಯ ನಿಯಮವೇ.

ಅವಸರದ ಫಲವೇನೆಂಬುದಕ್ಕೆ ಅಮೆರಿಕದ ಹರ್ಷಿ ಚಾಕೊಲೇಟ್ ಕಂಪನಿಯ ಅನುಭವ ಪ್ರಸಿದ್ಧವಾಗಿದೆ. 11 ಕೋಟಿ ಡಾಲರುಗಳಿಗೂ ಮಿಕ್ಕ ವೆಚ್ಚದ ವ್ಯವಸ್ಥೆಯನ್ನು ಅದು 1999ರಲ್ಲಿ, ಹ್ಯಾಲೋವೀನ್ ಹಬ್ಬದ ಬೇಡಿಕೆಗಳು ಹರಿದುಬರುವ ಕಾಲಕ್ಕೆ ಸರಿಯಾಗಿ ಚಾಲನೆಗೆ ತಂದಿತು. ಸರಕು ಗೋದಾಮಿನಲ್ಲಿ ಇದ್ದರೂ ಅಂಗಡಿಗಳಿಗೆ ಹೊರಡಲಿಲ್ಲ. ಸುಮಾರು 10 ಕೋಟಿ ಡಾಲರುಗಳ ಬೇಡಿಕೆ ಪೂರೈಕೆಯಾಗದೆ ಉಳಿಯಿತು. ಅಂಥದೇ ತಂತ್ರಾಂಶವು ಬೇರೆ ಕಡೆಗಳಲ್ಲಿ ಸುಸೂತ್ರವಾಗಿ ನಡೆಯುತ್ತಿತ್ತೆಂಬುದನ್ನು ನೆನೆದರೆ, ಇಲ್ಲಿ ಕಳೆದುಹೋದುದು ಹೊಂದಿಕೊಳ್ಳುವುದಕ್ಕೆ ಬೇಕಾದ ಕಾಲಾವಕಾಶವೆಂಬುದು ಸ್ಪಷ್ಟ.

ಲಾಭದ ಎಲ್ಲೆ

ವ್ಯವಸ್ಥೆಯು ಎಷ್ಟೇ ಉತ್ತಮವಾಗಿರಲಿ, ಅದರ ಶಕ್ತಿಗೆ ಒಂದು ಮೇರೆಯುಂಟು. ಎಲ್ಲರಿಗೂ ಒಂದೇ ಬೆಲೆಗೆ ದೊರೆಯುವ ಯಂತ್ರದಿಂದ ಯಾರೊಬ್ಬರಿಗೂ ವಿಶೇಷವಾದ ಮೇಲುಗೈ ದೊರೆಯದೆಂದು ನಿಕೊಲಸ್ ಕಾರ್ 2003ರಲ್ಲಿ ವಾದಿಸಿ ದೊಡ್ಡ ಚರ್ಚೆಯನ್ನೆಬ್ಬಿಸಿದನು. ಯಂತ್ರದ ಮಟ್ಟಿಗೆ ಆ ವಾದವು ಬಹುಮಟ್ಟಿಗೆ ದಿಟ; ಯಂತ್ರವನ್ನು ತನ್ನ ಕೆಲಸಕ್ಕೆ ಒಗ್ಗಿಸಿಕೊಳ್ಳುವ ಕೌಶಲವಾದರೋ ಪೇಟೆಯಲ್ಲಿ ಮಾರಾಟಕ್ಕಿಲ್ಲ. ಆ ಕೌಶಲದಲ್ಲಿ ಎಲ್ಲರಿಗಿಂತ ಮುಂದಿದ್ದ ಲಯನ್ಸ್ ಕಂಪನಿಯು ಗಣಕಗಳ ತಯಾರಿಕೆಗೆಂದೇ 1954ರಲ್ಲಿ ಬೇರೊಂದು ಸಂಸ್ಥೆಯನ್ನು ಸ್ಥಾಪಿಸಿತು; 1963ರಲ್ಲಿ ಅದನ್ನು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯೊಡನೆ ಕೂಡಿಸಿತು; ಕೊನೆಗೆ 1978ರಲ್ಲಿ ತಾನೇ ಒಂದು ಮದ್ಯ ತಯಾರಿಕೆಯ ಕಂಪನಿಯ ವಶವಾಯಿತು. ಬನ್ನುಗಳ ಬೇಡಿಕೆಯನ್ನು ದಿನದಿನವೂ ತಪ್ಪಿಲ್ಲದೆ ಕೂಡಿಸಿದ ಯಂತ್ರವು ಜನ ಚಹಾದಂಗಡಿಗೆ ಬರುವರೇ ಇಲ್ಲವೇ ಎಂಬುದಕ್ಕೆ ಹೊಣೆಯಾಗಲಾರದಷ್ಟೆ. ಆದುದರಿಂದ ಮಾಹಿತಿ ವ್ಯವಸ್ಥೆಯನ್ನು ತೂಗುವವನು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳತಕ್ಕದ್ದು: ವಹಿಸಿದ ಕೆಲಸವನ್ನು ವ್ಯವಸ್ಥೆ ಮೊದಲಿಗಿಂತ ಚೆನ್ನಾಗಿ ನಡೆಯಿಸಿತೆ, ಮತ್ತು ಆ ಕೆಲಸವೇ ಇನ್ನೂ ನಡೆಯಿಸಲು ತಕ್ಕುದಾಗಿ ಉಳಿದಿದೆಯೆ? ಮೊದಲನೆಯದಕ್ಕೆ ಲೆಕ್ಕಪತ್ರಗಳಲ್ಲಿ ಉತ್ತರ ಸಿಕ್ಕೀತು. ಎರಡನೆಯದಕ್ಕೆ ಉತ್ತರವನ್ನು ಸಂಸ್ಥೆಯನ್ನು ನಡೆಸುವವರೇ ಕೊಡಬೇಕು.