ಮಾನವ ಕುಲದ ತಾಯಿಬೇರು

ತನ್ನ ಮೂಲವನ್ನು ಅರಿಯುವ ಹಂಬಲ ಮಾನವನಿಗೆ ಸಹಜವಾದುದು. ಪುರಾಣಗಳೂ ವಂಶಾವಳಿಗಳೂ ಈ ಹಂಬಲದಿಂದಲೇ ಹುಟ್ಟಿದವು. ಈಗ ಜೀವವಿಜ್ಞಾನವು ಮನುಷ್ಯನ ದೇಹದಲ್ಲಿಯೇ ಅಡಗಿರುವ ದಾಖಲೆಯನ್ನು ಓದಿ ಇದೇ ಪ್ರಶ್ನೆಗೆ ಉತ್ತರ ಹೇಳತೊಡಗಿದೆ.

ಜೀವಕೋಶದೊಳಗಿನ ಮೈಟೋಕಾಂಡ್ರಿಯವೆಂಬ ಕಣದ ಡಿ.ಎನ್.ಎ. ಮಕ್ಕಳಿಗೆ ತಾಯಿಯಿಂದ ಬರುತ್ತದೆ. ತಲೆಮಾರುಗಳು ಕಳೆದಂತೆ ಅದರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸಗಳು ಸೇರುತ್ತವೆ. ಓಲೆಗರಿಗಳನ್ನು ಪ್ರತಿಮಾಡುವಾಗ ನುಸುಳಿದ ತಪ್ಪುಗಳ ಜಾಡು ಹಿಡಿದು ವಿದ್ವಾಂಸರು ಮೂಲಪ್ರತಿಯನ್ನು ಅರಸುವಂತೆ, ವಿಜ್ಞಾನಿಗಳು ಈ ವ್ಯತ್ಯಾಸಗಳನ್ನು ಹೋಲಿಸಿ ಪೂರ್ವಜರನ್ನು ಅರಸುತ್ತಾರೆ. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಹಾಗೂ ಆಲನ್ ವಿಲ್ಸನ್ ಅವರು ಬೇರೆ ಬೇರೆ ಭೂಭಾಗಗಳ 147 ಜನರ ಮಾದರಿಗಳನ್ನು ಪರೀಕ್ಷಿಸಿದರು. ಅವರೆಲ್ಲರ ಮಾತೃಪರಂಪರೆಯೂ ಸುಮಾರು 2 ಲಕ್ಷ ವರ್ಷಗಳ ಹಿಂದೆ, ಬಹುಶಃ ಆಫ್ರಿಕಾದಲ್ಲಿ, ಬಾಳಿದ ಒಬ್ಬ ಸ್ತ್ರೀಯಲ್ಲಿ ಕೂಡುತ್ತದೆಂದು ಅವರು ಕಂಡುಕೊಂಡರು. ಆಕೆ ಅಂದಿನ ಏಕೈಕ ಸ್ತ್ರೀಯಲ್ಲ. ಉಳಿದವರ ಮಾತೃಪರಂಪರೆಗಳು ನಡುವೆಯೇ ಕಡಿದುಹೋದವು, ಆಕೆಯದು ಉಳಿಯಿತು.

ಭಾರತದ ವಿಷಯದಲ್ಲಿಯೂ ಇಂತಹ ಶೋಧನೆ ನಡೆದಿದೆ. ಹೈದರಾಬಾದಿನ ಮತ್ತು ಅಮೆರಿಕದ ವಿಜ್ಞಾನಿಗಳು 73 ಜನಸಮುದಾಯಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಇಲ್ಲಿಯ ಜನರು ವ್ಯಾಪಕವಾಗಿ ಬೆರೆತಿದ್ದರು. ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತರುವ ಕಟ್ಟುಪಾಡು ಬಿಗಿಯಾದದ್ದು ಅನಂತರ. ಗೋಡೆಗಳಿಗಿಂತ ಬೆರಕೆಯೇ ಹಳೆಯದು.

ಹಾಗಾದರೆ ಸಂಸ್ಕೃತಿಯೂ ರಕ್ತದೊಡನೆ ಹರಿದುಬರುವುದೇ? ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನರ ನಿದರ್ಶನವು ಇದಕ್ಕೆ ಉತ್ತರ ನೀಡುತ್ತದೆ. ಅವರ ಪೂರ್ವಿಕರಲ್ಲಿ ಬಹುಮಂದಿಯನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. ಸಿದ್ದಿಗಳಲ್ಲಿ ಆಫ್ರಿಕಾದ ಅಂಶದೊಡನೆ ಭಾರತೀಯ ಮತ್ತು ಯುರೋಪಿನ ಅಂಶಗಳೂ ಇರುವುದನ್ನು 2011ರ ಅಧ್ಯಯನವು ತೋರಿಸಿತು. ಆದರೆ ಪೂರ್ವಿಕರ ಆ ನುಡಿ ಇಂದು ಅವರ ಮನೆಮಾತಾಗಿ ಉಳಿದಿಲ್ಲ. ಅವರು ಆಡುವುದು ಕೊಂಕಣಿ, ಕನ್ನಡ, ಮರಾಠಿ, ಉರ್ದು ಭಾಷೆಗಳನ್ನು. ಡಮಾಮಿ ನೃತ್ಯವಾದರೋ ಇಂದಿಗೂ ಜೀವಂತವಾಗಿದೆ. ಹಿರಿಯರು ಬಾರಿಸಿದರು, ಕಿರಿಯರು ಕಲಿತರು.

ವಂಶಾಂಶವು ಯಾರೂ ಯತ್ನಿಸದೆಯೂ ಮಕ್ಕಳನ್ನು ಸೇರುತ್ತದೆ. ನುಡಿ, ಹಾಡು, ಸದಾಚಾರ, ವಿದ್ಯೆ ಹಾಗಲ್ಲ. ಒಂದು ತಲೆಮಾರು ಕಲಿಸದಿದ್ದರೆ ಅವು ಅಲ್ಲಿಗೇ ನಿಲ್ಲುತ್ತವೆ. ಹುಟ್ಟು ಎಲ್ಲರಿಗೂ ಒಂದೇ ಬೇರನ್ನು ಕೊಟ್ಟಿದೆ. ಆ ಬೇರಿಗೆ ನೀರೆರೆಯುವ ಹೊಣೆ ಶಾಲೆಯದು, ಅದನ್ನು ನಡೆಸುವ ಗುರುಗಳದು ಹಾಗೂ ದಾನಿಗಳದು.